ಅಂತ್ಯಸಂಸ್ಕಾರದ ವೃತ್ತಿಗೆ ಲೈಸೆನ್ಸ್ ಪರೀಕ್ಷೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬವೊಂದರಲ್ಲಿ ಸಾವು ಸಂಭವಿಸಿದಾಗ ಆ ಮನೆಯವರು ಮೊದಲು ಕರೆಯಬೇಕಾದವರು ಅಲ್ಲಿನ ಫ್ಯೂನರಲ್ ಡೈರೆಕ್ಟರ್. ಪಾರ್ಥಿವ ಶರೀರವನ್ನು ಆಸ್ಪತ್ರೆಯಿಂದ ಪಡೆಯುವುದು, ಮರಣ ಪ್ರಮಾಣಪತ್ರ ಸಲ್ಲಿಸುವುದು, ದಹನಕ್ಕೆ ಅನುಮತಿ ತರುವುದು, ಊರಿಗೆ ಕಳುಹಿಸುವುದಾದರೆ ದೇಹ ಕೆಡದಂತೆ ರಾಸಾಯನಿಕ ದ್ರಾವಣದಿಂದ ಸಂರಕ್ಷಿಸುವ ಎಂಬಾಮಿಂಗ್ ಮಾಡಿಸುವುದು, ಇವೆಲ್ಲ ಸಾಮಾನ್ಯವಾಗಿ ಅವರ ಮೂಲಕವೇ ನಡೆಯುತ್ತವೆ. ಈ ಕೆಲಸಕ್ಕೆ ಅಲ್ಲಿ ಓದು, ತರಬೇತಿ, ಪರೀಕ್ಷೆ ಮತ್ತು ಲೈಸೆನ್ಸ್ ಬೇಕು. ಆ ಪರೀಕ್ಷೆಗಳ ಬಗ್ಗೆ ಬಂದಿರುವ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ ಕೊಡಲಾಗಿದೆ.

ಪ್ರಶ್ನೆ: ಜೀವಶಾಸ್ತ್ರ ಓದುತ್ತಿರುವ ನಮ್ಮ ಮಗಳು ಅಂತ್ಯಸಂಸ್ಕಾರದ ವೃತ್ತಿಗೆ ಸಂಬಂಧಿಸಿದ ಕಾಲೇಜಿಗೆ ಸೇರುವುದಾಗಿ ಹೇಳುತ್ತಿದ್ದಾಳೆ. ಊರಿನಲ್ಲಿರುವ ಹಿರಿಯರಿಗೆ ಇದು ಒಪ್ಪಿಗೆಯಿಲ್ಲ. ನಮಗೂ ಇದರ ಬಗ್ಗೆ ಏನೂ ತಿಳಿಯದು. ಓದು, ಪರೀಕ್ಷೆಗಳು ಹೇಗಿರುತ್ತವೆ?
— ಓದುಗರು, ಸಿನ್ಸಿನಾಟಿ, ಓಹಾಯೋ

ಉತ್ತರ: ನೀವಿರುವ ಊರಿಗೂ ಈ ವೃತ್ತಿಯ ಶಿಕ್ಷಣಕ್ಕೂ ಹಳೆಯ ನಂಟಿದೆ. ಅಮೆರಿಕದ ಅತ್ಯಂತ ಹಳೆಯ ಎಂಬಾಮಿಂಗ್ ಶಾಲೆಗಳಲ್ಲಿ ಒಂದು 1882ರಲ್ಲಿ ಸಿನ್ಸಿನಾಟಿಯಲ್ಲಿಯೇ ಆರಂಭವಾಯಿತು. ಅದು ಇಂದಿಗೂ ಸಿನ್ಸಿನಾಟಿ ಕಾಲೇಜ್ ಆಫ್ ಮಾರ್ಚುರಿ ಸೈನ್ಸ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ.

ಲೈಸೆನ್ಸ್ ಕೊಡುವುದು ರಾಜ್ಯ ಸರ್ಕಾರದ ಮಂಡಳಿಯಾದ್ದರಿಂದ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ಕೆಲವು ರಾಜ್ಯಗಳಲ್ಲಿ ಎರಡು ವರ್ಷದ ಡಿಪ್ಲೊಮಾ ಮಟ್ಟದ ಓದು ಸಾಕು, ಕೆಲವು ಕಡೆ ಅದಕ್ಕಿಂತ ಹೆಚ್ಚು ಕೇಳುತ್ತಾರೆ. ನ್ಯೂಯಾರ್ಕ್‌ನಂಥ ರಾಜ್ಯದಲ್ಲಿ ಅಂತ್ಯಸಂಸ್ಕಾರದ ವ್ಯವಸ್ಥೆಗೂ ಎಂಬಾಮಿಂಗ್‌ಗೂ ಒಂದೇ ಲೈಸೆನ್ಸ್ ಇದ್ದರೆ, ಕ್ಯಾಲಿಫೋರ್ನಿಯದಲ್ಲಿ ಎರಡಕ್ಕೂ ಬೇರೆ ಬೇರೆ ಲೈಸೆನ್ಸ್ ಇದೆ. ಆದರೆ ಬಹುತೇಕ ರಾಜ್ಯಗಳು ಒಪ್ಪಿಕೊಂಡಿರುವ ಸಾಮಾನ್ಯ ಪರೀಕ್ಷೆಯೊಂದಿದ್ದು, ಅದನ್ನು ನ್ಯಾಷನಲ್ ಬೋರ್ಡ್ ಎಕ್ಸಾಮಿನೇಷನ್ ಎಂದು ಕರೆಯುತ್ತಾರೆ. 1904ರಲ್ಲಿ ಸ್ಥಾಪನೆಯಾದ, ರಾಜ್ಯ ಮಂಡಳಿಗಳ ಒಕ್ಕೂಟವೊಂದು ಇದನ್ನು ರೂಪಿಸಿ ನಡೆಸುತ್ತದೆ. ವೃತ್ತಿಯಲ್ಲಿರುವವರು ಆ ಒಕ್ಕೂಟವನ್ನು ‘ಕಾನ್ಫರೆನ್ಸ್’ ಎಂದಷ್ಟೇ ಕರೆಯುವುದು ರೂಢಿ.

ಪರೀಕ್ಷೆಗೆ ‘ಆರ್ಟ್ಸ್’ ಮತ್ತು ‘ಸೈನ್ಸಸ್’ ಎಂಬ ಎರಡು ಭಾಗಗಳಿವೆ. ಪ್ರತಿ ಭಾಗದಲ್ಲೂ 170 ಬಹು ಆಯ್ಕೆಯ ಪ್ರಶ್ನೆಗಳಿದ್ದು, ಅವುಗಳಲ್ಲಿ 150 ಪ್ರಶ್ನೆಗಳಿಗೆ ಮಾತ್ರ ಅಂಕ. ಉಳಿದ 20 ಪ್ರಶ್ನೆಗಳನ್ನು ಮುಂದಿನ ಪರೀಕ್ಷೆಗಳಲ್ಲಿ ಬಳಸಬಹುದೇ ಎಂದು ಪರೀಕ್ಷಿಸಿ ನೋಡಲು ಸೇರಿಸಿರುತ್ತಾರೆ, ಆದರೆ ಯಾವುವು ಆ ಇಪ್ಪತ್ತು ಎಂಬುದು ಅಭ್ಯರ್ಥಿಗೆ ತಿಳಿಯುವುದಿಲ್ಲ. ತೇರ್ಗಡೆಗೆ 75 ಬೇಕು. ಇದು ಶೇಕಡಾ 75ರಷ್ಟು ಸರಿ ಉತ್ತರ ಎಂಬ ಅರ್ಥದ್ದಲ್ಲ. ಪ್ರಶ್ನೆಪತ್ರಿಕೆಯ ಕಷ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡು ಹೊಂದಿಸಿದ ಅಳತೆಯ ಅಂಕ ಎಂಬುದನ್ನು ನಿಮ್ಮ ಮಗಳು ಮೊದಲೇ ತಿಳಿದಿರುವುದು ಒಳ್ಳೆಯದು. ಇದರ ಜೊತೆಗೆ ಆಯಾ ರಾಜ್ಯದ ಕಾನೂನಿನ ಮೇಲೆ ಪ್ರತ್ಯೇಕ ಪರೀಕ್ಷೆಯೂ, ಅನುಭವಿಗಳ ಕೈಕೆಳಗೆ ಸಾಮಾನ್ಯವಾಗಿ ಒಂದು ವರ್ಷದಿಂದ ಮೂರು ವರ್ಷದವರೆಗಿನ ಅಪ್ರೆಂಟಿಸ್ ತರಬೇತಿಯೂ ಇರುತ್ತದೆ.

ಹಿರಿಯರ ಆಕ್ಷೇಪದ ವಿಷಯ. ನಮ್ಮಲ್ಲಿ ಹೆಣ ಹೊರುವ, ಗುಂಡಿ ತೋಡುವ, ಚಿತೆ ಕಾಯುವ ಕೆಲಸವನ್ನು ಕೆಲವೇ ಸಮುದಾಯಗಳ ತಲೆಗೆ ಕಟ್ಟಿ, ಆ ಕೆಲಸ ಮಾಡಿದ್ದಕ್ಕಾಗಿಯೇ ಅವರನ್ನು ಹೊರಗಿಟ್ಟ ಇತಿಹಾಸವಿದೆ. ಹಿರಿಯರ ಮಾತಿನ ಹಿಂದಿರುವ ಅಳುಕು ಬಂದಿರುವುದು ಅಲ್ಲಿಂದಲೇ ಎಂದು ನಾನು ಭಾವಿಸುತ್ತೇನೆ. ಅಂಗರಚನೆ, ರಸಾಯನಶಾಸ್ತ್ರ, ಕಾನೂನು, ಮನಶ್ಶಾಸ್ತ್ರಗಳನ್ನು ಕಲಿತು, ದುಃಖದಲ್ಲಿರುವವರ ಮನೆಗೆ ಮಧ್ಯರಾತ್ರಿಯಲ್ಲೂ ಹೋಗಬೇಕಾದ ವೃತ್ತಿಯನ್ನು ಒಬ್ಬ ಹೆಣ್ಣುಮಗಳು ತಾನಾಗಿ ಆರಿಸಿಕೊಂಡರೆ, ಅವಳಿಗೆ ಮನೆಯವರ ಬೆಂಬಲ ಸಿಗಬೇಕು. ಆದರೆ ಸೇರುವ ಮುನ್ನ ಒಂದು ವಿಷಯ ಖಚಿತಪಡಿಸಿಕೊಳ್ಳಿ: ಆ ಕಾಲೇಜಿಗೆ ಅಮೆರಿಕನ್ ಬೋರ್ಡ್ ಆಫ್ ಫ್ಯೂನರಲ್ ಸರ್ವಿಸ್ ಎಜುಕೇಷನ್ ಸಂಸ್ಥೆಯ ಮಾನ್ಯತೆ ಇರಬೇಕು. ಮಾನ್ಯತೆ ಪಡೆದ ಕಾಲೇಜುಗಳು ತಮ್ಮ ವಿದ್ಯಾರ್ಥಿಗಳು ರಾಷ್ಟ್ರೀಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಪ್ರಮಾಣವನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು. ಶುಲ್ಕ ಕಟ್ಟುವ ಮೊದಲು ಆ ಪಟ್ಟಿಯನ್ನು ನೋಡಿ.

ಪ್ರಶ್ನೆ: ನಾನು ಎಂ.ಬಿ.ಬಿ.ಎಸ್. ವಿದ್ಯಾರ್ಥಿನಿ. ನಮ್ಮ ಅನಾಟಮಿ ವಿಭಾಗದಲ್ಲಿಯೂ ದಾನವಾಗಿ ಬಂದ ದೇಹಗಳನ್ನು ಎಂಬಾಮಿಂಗ್ ಮಾಡುತ್ತಾರೆ. ಇದನ್ನು ಮೀರಿ ಆ ಪರೀಕ್ಷೆಯಲ್ಲಿ ಏನು ಕೇಳುತ್ತಾರೆ?
— ಓದುಗರು, ದಾವಣಗೆರೆ

ಉತ್ತರ: ಎರಡೂ ಕಡೆ ಮಾಡುವುದು ರಕ್ತನಾಳದ ಮೂಲಕ ಸಂರಕ್ಷಕ ದ್ರಾವಣವನ್ನು ಹರಿಸುವ ಕೆಲಸವೇ, ಆದರೆ ಉದ್ದೇಶ ಬೇರೆ. ನಿಮ್ಮ ವಿಭಾಗದಲ್ಲಿ ದೇಹವು ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೆಡದೆ ಉಳಿಯಬೇಕು. ಸ್ನಾಯು ಗಟ್ಟಿಯಾದರೂ, ಚರ್ಮದ ಬಣ್ಣ ಬದಲಾದರೂ ಚಿಂತೆಯಿಲ್ಲ, ಆದ್ದರಿಂದ ಫಾರ್ಮಾಲ್ಡಿಹೈಡ್ ಕರಗಿರುವ ಫಾರ್ಮಲಿನ್‌ನ ಪ್ರಮಾಣ ಹೆಚ್ಚಿರುತ್ತದೆ. ಫ್ಯೂನರಲ್ ಹೋಮ್‌ನಲ್ಲಿ ದೇಹ ಕೆಲವು ದಿನ ಉಳಿದರೆ ಸಾಕು. ಆದರೆ ಆ ಕೆಲವು ದಿನ ಮಕ್ಕಳು ತಾಯಿಯ ಮುಖ ನೋಡಿದಾಗ ಅದು ತಾಯಿಯ ಮುಖವಾಗಿಯೇ ಕಾಣಬೇಕು.

ಸೈನ್ಸಸ್ ಭಾಗದ ಪ್ರಶ್ನೆಗಳ ಜೀವಾಳ ಇದೇ. ದ್ರಾವಣದ ‘ಇಂಡೆಕ್ಸ್’ ಎಂಬ ಅಳತೆಯನ್ನು ತೆಗೆದುಕೊಳ್ಳಿ. 100 ಮಿಲಿಲೀಟರ್ ದ್ರಾವಣದಲ್ಲಿ ಎಷ್ಟು ಗ್ರಾಂ ಫಾರ್ಮಾಲ್ಡಿಹೈಡ್ ಅನಿಲ ಕರಗಿದೆ ಎಂಬುದನ್ನು ಅದು ಸೂಚಿಸುತ್ತದೆ. ಇಂಡೆಕ್ಸ್ 20 ಇರುವ ದ್ರಾವಣದ 500 ಮಿಲಿಲೀಟರ್‌ಗೆ ನೀರು ಬೆರೆಸಿ ಒಟ್ಟು 4 ಲೀಟರ್ ಮಾಡಿದರೆ ಅದರ ಬಲ ಶೇಕಡಾ 2.5ಕ್ಕೆ ಇಳಿಯುತ್ತದೆ. ಇಂಥ ಲೆಕ್ಕವನ್ನು ಅಭ್ಯರ್ಥಿ ತಡವರಿಸದೆ ಮಾಡಬೇಕು, ಯಾಕೆಂದರೆ ದೇಹದ ಸ್ಥಿತಿಗೆ ತಕ್ಕಂತೆ ಬಲವನ್ನು ಏರಿಸುವುದು, ಇಳಿಸುವುದು ಪ್ರತಿ ಬಾರಿಯೂ ಇರುವ ತೀರ್ಮಾನ. ಕಾಮಾಲೆಯಿಂದ ತೀರಿಕೊಂಡವರ ವಿಷಯದಲ್ಲಿ ಇದರ ಮಹತ್ವ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಪ್ರಬಲವಾದ ಫಾರ್ಮಾಲ್ಡಿಹೈಡ್ ಹರಿಸಿದರೆ ಚರ್ಮದಲ್ಲಿರುವ ಹಳದಿ ಬಿಲಿರುಬಿನ್ ಹಸಿರು ಬಿಲಿವರ್ಡಿನ್ ಆಗಿ, ಮುಖವೆಲ್ಲ ಹಸಿರು ಛಾಯೆಗೆ ತಿರುಗುತ್ತದೆ. ನೀವು ಜೀವರಸಾಯನದಲ್ಲಿ ಓದಿರುವ ಸಂಗತಿಯೇ ಇಲ್ಲಿ ಒಂದು ಕುಟುಂಬದ ಕೊನೆಯ ನೋಟವನ್ನು ಕೆಡಿಸಲೂಬಹುದು, ಉಳಿಸಲೂಬಹುದು.

ಕತ್ತಿನ ಕ್ಯಾರೊಟಿಡ್ ಅಪಧಮನಿಯಿಂದ ದ್ರಾವಣ ಹರಿಸಿ ಜುಗುಲರ್ ಅಭಿಧಮನಿಯಿಂದ ರಕ್ತವನ್ನು ಹೊರಬಿಡುವ ಕ್ರಮ, ಮುಖ ಊದಿಕೊಳ್ಳುವ ಅಪಾಯವಿದ್ದಾಗ ತಲೆಯ ಭಾಗಕ್ಕೆ ಮತ್ತು ಉಳಿದ ದೇಹಕ್ಕೆ ಪ್ರತ್ಯೇಕವಾಗಿ ಹರಿಸುವ ವಿಧಾನ, ಹೊಕ್ಕುಳಿನಿಂದ ಎರಡು ಅಂಗುಲ ಎಡಕ್ಕೆ ಮತ್ತು ಎರಡು ಅಂಗುಲ ಮೇಲಕ್ಕೆ ಟ್ರೋಕಾರ್ ಎಂಬ ಟೊಳ್ಳು ಸೂಜಿ ಚುಚ್ಚಿ ಒಳಾಂಗಗಳ ದ್ರವವನ್ನು ಹೀರಿ ತೆಗೆಯುವುದು, ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಬ್ಯಾಕ್ಟೀರಿಯಾದಿಂದ ಅಂಗಾಂಶದಲ್ಲಿ ಅನಿಲ ತುಂಬಿಕೊಂಡಾಗ ಅದನ್ನು ಗುರುತಿಸಿ ಉಪಕರಣದ ಮೂಲಕ ಇನ್ನೊಂದು ದೇಹಕ್ಕೆ ಹರಡದಂತೆ ನೋಡಿಕೊಳ್ಳುವುದು, ಇವೆಲ್ಲ ಅದೇ ಭಾಗಕ್ಕೆ ಸೇರುತ್ತವೆ.

ನಿಮಗೆ ಹೊಸದೆನಿಸಬಹುದಾದದ್ದು ‘ರೆಸ್ಟೊರೇಟಿವ್ ಆರ್ಟ್’ ಎಂಬ ವಿಷಯ. ಅಪಘಾತದಲ್ಲಿ ಜಜ್ಜಿಹೋದ ಅಥವಾ ದೀರ್ಘ ಕಾಯಿಲೆಯಿಂದ ಇಳಿದುಹೋದ ಮುಖವನ್ನು ಮೇಣ ಮತ್ತು ಬಣ್ಣದಿಂದ ಮತ್ತೆ ರೂಪಿಸುವ ಕಲೆ ಇದು. ಕೂದಲಿನ ಅಂಚಿನಿಂದ ಹುಬ್ಬಿನವರೆಗೆ, ಹುಬ್ಬಿನಿಂದ ಮೂಗಿನ ತಳದವರೆಗೆ, ಅಲ್ಲಿಂದ ಗಲ್ಲದವರೆಗೆ ಮೂರು ಸಮಭಾಗಗಳೆಂದೂ, ಕಿವಿಯು ನಡುವಿನ ಭಾಗದ ಮಟ್ಟದಲ್ಲಿ ಬರುತ್ತದೆಯೆಂದೂ, ಮುಖದ ಅಗಲವು ಐದು ಕಣ್ಣುಗಳ ಅಗಲಕ್ಕೆ ಸಮನೆಂದೂ ಅಭ್ಯರ್ಥಿ ಕಲಿಯುತ್ತಾನೆ. ವಿಗ್ರಹ ಕೆತ್ತುವ ನಮ್ಮ ಶಿಲ್ಪಿಗಳು ತಾಳಮಾನದ ಲೆಕ್ಕ ಹಾಕುವಂತೆಯೇ ಇಲ್ಲೂ ಅಳತೆ ಮೊದಲು, ಕೈಚಳಕ ಆಮೇಲೆ.

ಪ್ರಶ್ನೆ: ಅಂತ್ಯಕ್ರಿಯೆ ಮಾಡಿಸುವವರಿಗೆ ಲೆಕ್ಕಪತ್ರ, ವ್ಯಾಪಾರ ಕಾನೂನು, ಆಪ್ತಸಮಾಲೋಚನೆಯ ಪರೀಕ್ಷೆ ಏಕೆ? ಇದು ಅತಿಯಾಯಿತಲ್ಲವೇ?
— ಓದುಗರು, ಮೈಸೂರು

ಉತ್ತರ: ಅತಿಯಾಯಿತೆಂದು ನನಗೆ ಅನ್ನಿಸುವುದಿಲ್ಲ. ನನ್ನ ದೃಷ್ಟಿಯಲ್ಲಿ ಸೈನ್ಸಸ್ ಭಾಗಕ್ಕಿಂತ ನೀವು ಹೇಳುವ ವಿಷಯಗಳಿರುವ ಆರ್ಟ್ಸ್ ಭಾಗವೇ ಸಾಮಾನ್ಯ ಕುಟುಂಬವನ್ನು ಹೆಚ್ಚು ಕಾಪಾಡುತ್ತದೆ. ಮನೆಯಲ್ಲಿ ಸಾವಾದ ದಿನ ಯಾರೂ ನಾಲ್ಕು ಅಂಗಡಿಗೆ ಹೋಗಿ ಬೆಲೆ ವಿಚಾರಿಸುವ ಸ್ಥಿತಿಯಲ್ಲಿರುವುದಿಲ್ಲ. ಎದುರಿಗಿರುವವರು ಹೇಳಿದ್ದಕ್ಕೆಲ್ಲ ಸಹಿ ಹಾಕಿಬಿಡುತ್ತಾರೆ. ಇದನ್ನು ಮನಗಂಡು ಗ್ರಾಹಕರ ಹಿತ ಕಾಯುವ ಅಮೆರಿಕದ ಕೇಂದ್ರ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 1984ರಲ್ಲಿ ‘ಫ್ಯೂನರಲ್ ರೂಲ್’ ಜಾರಿಗೆ ತಂದಿತು. ಪ್ರತಿ ಸೇವೆಯ ದರವನ್ನು ಬಿಡಿಬಿಡಿಯಾಗಿ ಬರೆದ ಪಟ್ಟಿಯನ್ನು ಖುದ್ದಾಗಿ ಬಂದು ವಿಚಾರಿಸುವವರ ಕೈಗೆ ಕೊಡಬೇಕು, ಫೋನಿನಲ್ಲಿ ಕೇಳಿದರೂ ದರ ಹೇಳಬೇಕು, ಬೇರೆ ಕಡೆ ಕೊಂಡು ತಂದ ಶವಪೆಟ್ಟಿಗೆಯನ್ನು ಹೆಚ್ಚುವರಿ ಶುಲ್ಕ ವಿಧಿಸದೆ ಸ್ವೀಕರಿಸಬೇಕು, ಕಾನೂನಿನಲ್ಲಿ ಇಲ್ಲದ ಕಡ್ಡಾಯವನ್ನು ಇದೆಯೆಂದು ಹೇಳಬಾರದು ಎಂಬುದು ಅದರ ಸಾರ. ಪರೀಕ್ಷೆಯಲ್ಲಿ ಈ ನಿಯಮದ ಮೇಲೆ ಪ್ರಶ್ನೆಗಳು ತಪ್ಪದೆ ಇರುತ್ತವೆ.

ದೇಹವನ್ನು ಏನು ಮಾಡಬೇಕೆಂದು ತೀರ್ಮಾನಿಸುವ ಹಕ್ಕು ಪತ್ನಿಗೋ, ಮಕ್ಕಳಿಗೋ, ಅವರಲ್ಲೇ ಭಿನ್ನಾಭಿಪ್ರಾಯ ಬಂದರೆ ಏನು ಮಾಡಬೇಕು. ಮುಂಗಡವಾಗಿ ಹಣ ಕಟ್ಟಿಸಿಕೊಂಡಿದ್ದರೆ ಅದನ್ನು ಹೇಗೆ ಇಡಬೇಕು. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ದಹನಕ್ಕೆ ಮುನ್ನ ತೆಗೆಯದಿದ್ದಲ್ಲಿ ಅದರ ಬ್ಯಾಟರಿ ಸಿಡಿಯುವ ಅಪಾಯ, ಇವೂ ಆರ್ಟ್ಸ್ ಭಾಗದ ವ್ಯಾಪ್ತಿಗೆ ಬರುತ್ತವೆ.

ವಿವಿಧ ಧರ್ಮಗಳ ಆಚರಣೆಯೂ ಪಠ್ಯದಲ್ಲಿದೆ. ಹಿಂದೂ ಎಂದರೆ ದಹನ ಎಂದಷ್ಟೇ ಕಲಿತ ಒಬ್ಬ ಡೈರೆಕ್ಟರ್ ಬಳಿಗೆ ಲಿಂಗಾಯತ ಕುಟುಂಬವೊಂದು ಬಂದು, ನಮ್ಮವರನ್ನು ಸುಡುವುದಿಲ್ಲ, ಕೂರಿಸಿ ಸಮಾಧಿ ಮಾಡುತ್ತೇವೆ, ಕೊರಳಲ್ಲಿರುವ ಇಷ್ಟಲಿಂಗವನ್ನು ತೆಗೆಯಬಾರದು ಎಂದಾಗ ಅವರು ಗೊಂದಲಕ್ಕೆ ಬೀಳಬಾರದು. ಎಲ್ಲ ಸಂಪ್ರದಾಯವನ್ನೂ ಪರೀಕ್ಷೆಗಾಗಿ ಬಾಯಿಪಾಠ ಮಾಡಿಸಲಾಗದು. ಊಹಿಸದೆ, ಮೊದಲು ಮನೆಯವರನ್ನೇ ಕೇಳಬೇಕೆಂಬ ನಡೆಯನ್ನು ಆಪ್ತಸಮಾಲೋಚನೆಯ ಪಾಠ ಕಲಿಸಬೇಕು. ಕನ್ನಡ ಸಂಘಗಳು ತಮ್ಮ ಊರಿನ ಫ್ಯೂನರಲ್ ಹೋಮ್‌ಗಳಿಗೆ ಈ ವಿವರಗಳನ್ನು ಒಂದು ಪುಟದಲ್ಲಿ ಬರೆದು ಮೊದಲೇ ಕೊಟ್ಟಿಟ್ಟರೆ ಬಹಳ ಉಪಕಾರವಾಗುತ್ತದೆ.

ಪ್ರಶ್ನೆ: ವಕೀಲನಾಗಿ ನಿವೃತ್ತನಾದವನು ನಾನು. ಇಂಥ ಲೈಸೆನ್ಸ್‌ಗಳು ಜನರ ಹಿತಕ್ಕಿಂತ ಈಗಾಗಲೇ ವೃತ್ತಿಯಲ್ಲಿರುವವರ ಏಕಸ್ವಾಮ್ಯ ಕಾಪಾಡುವುದಕ್ಕೇ ಹುಟ್ಟಿಕೊಂಡವು ಎಂಬ ಅನುಮಾನ ನನ್ನದು. ತಮ್ಮ ಅಭಿಪ್ರಾಯವೇನು?
— ಓದುಗರು, ಧಾರವಾಡ

ಉತ್ತರ: ನಿಮ್ಮ ಅನುಮಾನ ಆಧಾರವಿಲ್ಲದ್ದಲ್ಲ. ಅಮೆರಿಕದಲ್ಲಿ ಎಂಬಾಮಿಂಗ್ ಬಳಕೆಗೆ ಬಂದದ್ದು 1861ರಿಂದ 1865ರವರೆಗಿನ ಅಂತರ್ಯುದ್ಧದ ಕಾಲದಲ್ಲಿ. ದೂರದ ರಣರಂಗದಲ್ಲಿ ಸತ್ತ ಸೈನಿಕರನ್ನು ಮನೆಗೆ ಕಳುಹಿಸಲು ಯಾರು ಬೇಕಾದರೂ ಈ ಕೆಲಸಕ್ಕೆ ಇಳಿದು, ದುಃಖದಲ್ಲಿದ್ದವರಿಂದ ಮನಸ್ಸಿಗೆ ಬಂದಷ್ಟು ಹಣ ಕೇಳತೊಡಗಿದಾಗ, 1865ರಲ್ಲಿ ಸೇನಾಡಳಿತವೇ ಎಂಬಾಮಿಂಗ್ ಮಾಡುವವರಿಗೆ ಅನುಮತಿ ಕಡ್ಡಾಯವೆಂದು ಆದೇಶಿಸಬೇಕಾಯಿತು. ವೃತ್ತಿನಿರತರು 1882ರಲ್ಲಿ ರಾಷ್ಟ್ರೀಯ ಸಂಘ ಕಟ್ಟಿಕೊಂಡರು, 1894ರಲ್ಲಿ ವರ್ಜೀನಿಯ ರಾಜ್ಯವು ಮೊದಲ ಲೈಸೆನ್ಸ್ ಕಾನೂನು ಮಾಡಿತು. ಹೀಗೆ ಜನರ ರಕ್ಷಣೆ ಮತ್ತು ವೃತ್ತಿಯ ಸ್ವಹಿತ ಎರಡೂ ಆರಂಭದಿಂದಲೇ ಹೆಣೆದುಕೊಂಡಿವೆ.

ಸ್ವಹಿತವು ಮಿತಿ ಮೀರಿದ ಪ್ರಸಂಗಗಳೂ ಇವೆ. ಕಟ್ರೀನಾ ಚಂಡಮಾರುತದಲ್ಲಿ ತಮ್ಮ ಮರದ ತೋಪು ನಾಶವಾದ ಮೇಲೆ ಲೂಸಿಯಾನದ ಸೇಂಟ್ ಜೋಸೆಫ್ ಮಠದ ಸನ್ಯಾಸಿಗಳು ಜೀವನೋಪಾಯಕ್ಕಾಗಿ ಸರಳವಾದ ಶವಪೆಟ್ಟಿಗೆಗಳನ್ನು ಮಾಡಿ ಮಾರಲು ಹೊರಟರು. ಫ್ಯೂನರಲ್ ಡೈರೆಕ್ಟರ್ ಲೈಸೆನ್ಸ್ ಇಲ್ಲದವರು ಶವಪೆಟ್ಟಿಗೆ ಮಾರುವಂತಿಲ್ಲ ಎಂದು ರಾಜ್ಯ ಮಂಡಳಿ ತಡೆಯಿತು. ಮರದ ಪೆಟ್ಟಿಗೆ ಮಾರಲು ಎಂಬಾಮಿಂಗ್ ಏಕೆ ಕಲಿಯಬೇಕು? ಕೇವಲ ಒಂದು ಉದ್ಯಮಕ್ಕೆ ಸ್ಪರ್ಧೆಯಿಂದ ರಕ್ಷಣೆ ಕೊಡುವುದು ಕಾನೂನಿಗೆ ಸಾಕಾಗುವ ಕಾರಣವಲ್ಲವೆಂದು 2013ರಲ್ಲಿ ಮೇಲ್ಮನವಿ ನ್ಯಾಯಾಲಯವು ಸನ್ಯಾಸಿಗಳ ಪರವಾಗಿ ತೀರ್ಪು ನೀಡಿತು. ಟೆನೆಸ್ಸಿಯ ಇಂಥದೇ ಮೊಕದ್ದಮೆಯಲ್ಲಿ 2002ರಲ್ಲಿ ಬಂದ ತೀರ್ಪೂ ಹೀಗೆಯೇ ಇತ್ತು. ಆದರೆ 2004ರಲ್ಲಿ ಓಕ್ಲಹೋಮದ ಮೊಕದ್ದಮೆಯಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ ಇದಕ್ಕೆ ವಿರುದ್ಧವಾಗಿ, ರಾಜ್ಯದ ಕಾನೂನನ್ನೇ ಎತ್ತಿಹಿಡಿಯಿತು ಎಂಬುದು ವಕೀಲರಾದ ನಿಮಗೆ ಆಸಕ್ತಿ ಹುಟ್ಟಿಸಬಹುದು.

ಹಾಗೆಂದು ಪರೀಕ್ಷೆಯನ್ನೇ ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಕೊಲರಾಡೊ ರಾಜ್ಯವಿದೆ. ಅಲ್ಲಿ 1983ರಲ್ಲಿ ಲೈಸೆನ್ಸ್ ಪದ್ಧತಿಯನ್ನು ರದ್ದುಮಾಡಲಾಯಿತು. ನಲವತ್ತು ವರ್ಷಗಳ ನಂತರ, 2023ರ ಅಕ್ಟೋಬರ್‌ನಲ್ಲಿ ಪೆನ್‌ರೋಸ್ ಎಂಬ ಸಣ್ಣ ಊರಿನ ಕಟ್ಟಡವೊಂದರಲ್ಲಿ ಸುಮಾರು 190 ದೇಹಗಳು ಕೊಳೆತ ಸ್ಥಿತಿಯಲ್ಲಿ ಪತ್ತೆಯಾದವು. ದಹನ ಮಾಡಿದ್ದೇವೆಂದು ಹೇಳಿ ಕುಟುಂಬಗಳಿಗೆ ಬೂದಿಯ ಹೆಸರಿನಲ್ಲಿ ಬೇರೇನನ್ನೋ ಕೊಟ್ಟಿದ್ದರು. ತಂದೆಯ ಅಸ್ಥಿಯೆಂದು ನಂಬಿ ವಿಸರ್ಜಿಸಿದ್ದವರಿಗೆ ಆದ ನೋವನ್ನು ಯಾವ ಪರಿಹಾರವೂ ತುಂಬಿಕೊಡಲಾರದು. 2024ರಲ್ಲಿ ಆ ರಾಜ್ಯ ಮತ್ತೆ ಲೈಸೆನ್ಸ್ ಕಾನೂನು ತಂದಿತು. ಮಾನ್ಯತೆ ಪಡೆದ ಕಾಲೇಜಿನ ಓದು, ರಾಷ್ಟ್ರೀಯ ಪರೀಕ್ಷೆ, ಅಪ್ರೆಂಟಿಸ್ ತರಬೇತಿ ಮೂರನ್ನೂ ಅದು ಕೇಳುತ್ತದೆ, ಲೈಸೆನ್ಸ್ ಕಡ್ಡಾಯವಾಗುವುದು 2027ರಿಂದ.

ಆದರೂ ಒಂದು ಮಾತನ್ನು ಒಪ್ಪಬೇಕು. ಪೆನ್‌ರೋಸ್‌ನಂಥ ವಂಚನೆ ಮಾಡುವವರು 170 ಪ್ರಶ್ನೆಗಳಿಗೆ ಸರಿ ಉತ್ತರ ಬರೆಯಲಾರರು ಎಂದೇನೂ ಇಲ್ಲ. ಪರೀಕ್ಷೆಯು ತಿಳಿವಳಿಕೆಯನ್ನು ಅಳೆಯುತ್ತದೆಯೇ ಹೊರತು ನಡತೆಯನ್ನಲ್ಲ. ಲೈಸೆನ್ಸ್‌ನ ನಿಜವಾದ ಬಲವಿರುವುದು ಅದನ್ನು ಕಿತ್ತುಕೊಳ್ಳಬಹುದು ಎಂಬಲ್ಲಿ, ಮತ್ತು ಅಧಿಕಾರಿಗಳು ಹೇಳದೆ ಕೇಳದೆ ಬಂದು ಶೀತಲ ಕೊಠಡಿಯ ಬಾಗಿಲು ತೆರೆಸಬಹುದು ಎಂಬಲ್ಲಿ. ಕೊಲರಾಡೊ ಅದೇ ವರ್ಷ ತಪಾಸಣೆಯ ಅಧಿಕಾರವನ್ನೂ ಬಲಪಡಿಸಿದ್ದು ಆ ಕಾರಣಕ್ಕಾಗಿ ಸರಿಯಾದ ಹೆಜ್ಜೆ.

ಪ್ರಶ್ನೆ: ಕುಟುಂಬಗಳಿಗೆ ನೆರವಾಗುವ ಕೆಲಸ ನನಗಿಷ್ಟ, ಆದರೆ ಎಂಬಾಮಿಂಗ್ ನನ್ನಿಂದಾಗದು. ಕೆನಡಾದಲ್ಲಿ ದಾರಿಯುಂಟೇ?
— ಓದುಗರು, ಬ್ರಾಂಪ್ಟನ್, ಒಂಟಾರಿಯೊ

ಉತ್ತರ: ಉಂಟು. ಒಂಟಾರಿಯೊದಲ್ಲಿ ಫ್ಯೂನರಲ್ ಡೈರೆಕ್ಟರ್ ಲೈಸೆನ್ಸ್ ಎರಡು ವರ್ಗಗಳಲ್ಲಿದೆ. ಒಂದನೆಯ ವರ್ಗದವರು ಎಂಬಾಮಿಂಗ್ ಸಹ ಮಾಡಬಹುದು, ಎರಡನೆಯ ವರ್ಗದವರು ಅದನ್ನು ಬಿಟ್ಟು ಉಳಿದ ವ್ಯವಸ್ಥೆಗಳನ್ನು ನೋಡಿಕೊಳ್ಳುತ್ತಾರೆ. ಲೈಸೆನ್ಸ್ ಕೊಡುವುದು ಬಿರೀವ್‌ಮೆಂಟ್ ಅಥಾರಿಟಿ ಆಫ್ ಒಂಟಾರಿಯೊ. ನಿಮಗೆ ಹತ್ತಿರವಿರುವ ಟೊರಾಂಟೊದ ಹಂಬರ್ ಸಂಸ್ಥೆಯಲ್ಲಿ ಇದರ ಶಿಕ್ಷಣ ದೊರೆಯುತ್ತದೆ.

ಪ್ರಶ್ನೆ: ಕರ್ನಾಟಕದಲ್ಲಿ ಎಂಬಾಮಿಂಗ್ ಮಾಡುವವರು ಯಾರು? ಇಲ್ಲಿಯೂ ಅಂಥ ಪರೀಕ್ಷೆ ಇರಬೇಕಲ್ಲವೇ?
— ಓದುಗರು, ಶಿವಮೊಗ್ಗ

ಉತ್ತರ: ಭಾರತದಲ್ಲಿ ಇದಕ್ಕೆ ಪ್ರತ್ಯೇಕ ಲೈಸೆನ್ಸ್ ಪರೀಕ್ಷೆಯಿಲ್ಲ. ವಿಮಾನದಲ್ಲಿ ಶವ ಸಾಗಿಸಬೇಕಾದಾಗ ವೈದ್ಯಕೀಯ ಕಾಲೇಜುಗಳ ಅನಾಟಮಿ ಅಥವಾ ವಿಧಿವಿಜ್ಞಾನ ವಿಭಾಗದಲ್ಲಿ ಎಂಬಾಮಿಂಗ್ ಮಾಡಿ, ವೈದ್ಯರು ಪ್ರಮಾಣಪತ್ರ ಕೊಡುತ್ತಾರೆ. ದ್ರಾವಣ ಬೆರೆಸುವ, ದೇಹವನ್ನು ಎತ್ತಿ ಮಲಗಿಸುವ, ಕೊಠಡಿ ತೊಳೆಯುವ ಕೆಲಸವನ್ನು ಹೆಚ್ಚಾಗಿ ಮಾಡುವವರು ವಿಭಾಗದ ಸಹಾಯಕರು. ವರ್ಷಗಳ ಅನುಭವದಿಂದ ಬಂದ ಅವರ ಕೌಶಲಕ್ಕೆ ಯಾವ ಕಾಗದದಲ್ಲೂ ಮಾನ್ಯತೆಯಿಲ್ಲ.

ಎರಡು ವರ್ಷದ ದುಬಾರಿ ಶಿಕ್ಷಣವನ್ನು ಇಲ್ಲಿ ಹಾಗೆಯೇ ತಂದು ಹೇರಬೇಕೆಂದು ನಾನು ಹೇಳಲಾರೆ. ಬೇರೆ ಊರಿಗೆ ಸಾಗಿಸುವ ಅಗತ್ಯವಿಲ್ಲದಿದ್ದರೆ ನಮ್ಮಲ್ಲಿ ಒಂದೆರಡು ದಿನದೊಳಗೆ ದಹನವೋ ದಫನವೋ ಆಗಿಬಿಡುತ್ತದೆ, ಎಂಬಾಮಿಂಗ್‌ನ ಅಗತ್ಯ ಬಹುಪಾಲು ಕುಟುಂಬಗಳಿಗೆ ಬರುವುದೇ ಇಲ್ಲ. ಆದರೆ ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ವರ್ಗೀಕರಿಸಿದೆ. ಅಮೆರಿಕದ ನಿಯಮದ ಪ್ರಕಾರ ಎಂಟು ಗಂಟೆಯ ಕೆಲಸದಲ್ಲಿ ಗಾಳಿಯಲ್ಲಿ ಅದರ ಸರಾಸರಿ ಪ್ರಮಾಣ ಹತ್ತು ಲಕ್ಷದಲ್ಲಿ 0.75 ಭಾಗ ಮೀರಬಾರದು, ಮತ್ತು ಪರೀಕ್ಷೆ ಬರೆಯುವ ಪ್ರತಿಯೊಬ್ಬರೂ ಈ ಮಿತಿಯನ್ನು ಓದಿಕೊಂಡಿರುತ್ತಾರೆ. ನಮ್ಮ ಸಹಾಯಕರಿಗೆ ಈ ಅಪಾಯವನ್ನು ಅವರ ಭಾಷೆಯಲ್ಲಿ ಹೇಳಿಕೊಡುವ, ಗಾಳಿ ಹೊರಹೋಗುವ ವ್ಯವಸ್ಥೆ, ಕೈಗವಸು, ಸರಿಯಾದ ಮುಖಗವಸು ಒದಗಿಸುವ, ಕಲಿತದ್ದಕ್ಕೆ ಪ್ರಮಾಣಪತ್ರ ಮತ್ತು ತಕ್ಕ ವೇತನ ಕೊಡುವ ಚಿಕ್ಕದೊಂದು ತರಬೇತಿಯನ್ನಾದರೂ ಸರ್ಕಾರ ಆರಂಭಿಸಬೇಕು. ಇದನ್ನು ಇನ್ನೂ ಮುಂದೂಡುವುದು ಅವರ ಆರೋಗ್ಯದ ಬಗೆಗಿನ ಅಲಕ್ಷ್ಯವಾಗುತ್ತದೆ.

ಪ್ರಶ್ನೆ: ಮಕ್ಕಳ ಮನೆಗೆಂದು ಬಂದಿದ್ದ ನಮ್ಮ ಮಾವನವರು ಇಲ್ಲಿಯೇ ತೀರಿಕೊಂಡರು. ಇಲ್ಲೇ ದಹನ ಮಾಡಿದೆವು. ದಹನಕ್ಕೂ ಎಂಬಾಮಿಂಗ್ ಕಡ್ಡಾಯವೆಂದು ಹೇಳಿ ಹಣ ಪಡೆದರು. ಇದು ಸರಿಯೇ? ದೇಹವನ್ನು ಊರಿಗೆ ಕಳುಹಿಸುವುದಾಗಿದ್ದರೆ ಏನು ಬೇಕಾಗುತ್ತಿತ್ತು?
— ಓದುಗರು, ನ್ಯೂಜೆರ್ಸಿ

ಉತ್ತರ: ನಿಮ್ಮ ಕುಟುಂಬದ ದುಃಖದಲ್ಲಿ ನಾವೂ ಭಾಗಿಗಳು. ನೇರ ದಹನಕ್ಕೆ, ಅಂದರೆ ದೇಹವನ್ನು ದರ್ಶನಕ್ಕಿಡದೆ ಮಾಡುವ ದಹನಕ್ಕೆ, ಎಂಬಾಮಿಂಗ್ ಕಡ್ಡಾಯವಲ್ಲ. ಕಡ್ಡಾಯವೆಂದು ಹೇಳಿದ್ದರೆ ಅದು ಮೇಲೆ ವಿವರಿಸಿದ ಫ್ಯೂನರಲ್ ರೂಲ್‌ಗೆ ವಿರುದ್ಧ. ಲೈಸೆನ್ಸ್ ಪಡೆದವರು ಇದನ್ನು ಪರೀಕ್ಷೆಗಾಗಿ ಓದಿಯೇ ಬಂದಿರುವುದರಿಂದ ತಿಳಿದಿರಲಿಲ್ಲ ಎನ್ನುವ ಅವಕಾಶ ಅವರಿಗಿಲ್ಲ. ಬಿಲ್ಲಿನ ಪ್ರತಿಯೊಂದಿಗೆ ರಾಜ್ಯದ ಲೈಸೆನ್ಸ್ ಮಂಡಳಿಗೂ ಫೆಡರಲ್ ಟ್ರೇಡ್ ಕಮಿಷನ್‌ಗೂ ಲಿಖಿತ ದೂರು ಸಲ್ಲಿಸಿ. ನ್ಯೂಜೆರ್ಸಿಯಲ್ಲಿ ಲೈಸೆನ್ಸ್ ಇರುವವರ ನೆರವಿಲ್ಲದೆ ಕುಟುಂಬವೇ ಅಂತ್ಯಸಂಸ್ಕಾರ ನಡೆಸಲು ಕಾನೂನು ಬಿಡುವುದಿಲ್ಲ. ಹಾಗೆ ಕಡ್ಡಾಯವಾಗಿ ಅವರ ಬಳಿಗೇ ಹೋಗಬೇಕಾದ ರಾಜ್ಯದಲ್ಲಿ ಇಂಥ ದೂರುಗಳು ದಾಖಲಾಗುವುದು ಇನ್ನಷ್ಟು ಅಗತ್ಯ.

ದೇಹವನ್ನು ಭಾರತಕ್ಕೆ ಕಳುಹಿಸುವುದಾಗಿದ್ದರೆ ಮಾತ್ರ ಎಂಬಾಮಿಂಗ್ ಬೇಕಾಗುತ್ತಿತ್ತು. ಆಗ ಮರಣ ಪ್ರಮಾಣಪತ್ರ, ಎಂಬಾಮಿಂಗ್ ಪ್ರಮಾಣಪತ್ರ, ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ ಮೊಹರು ಮಾಡಿರುವುದರ ಪ್ರಮಾಣಪತ್ರ, ರದ್ದುಪಡಿಸಿದ ಪಾಸ್‌ಪೋರ್ಟ್ ಮತ್ತು ಭಾರತೀಯ ದೂತಾವಾಸದ ನಿರಾಕ್ಷೇಪಣಾ ಪತ್ರವನ್ನು ಹೊಂದಿಸಿಕೊಂಡು, ಬೆಂಗಳೂರು ವಿಮಾನ ನಿಲ್ದಾಣದ ಆರೋಗ್ಯ ಅಧಿಕಾರಿಗೆ ಮೊದಲೇ ಮಾಹಿತಿ ತಲುಪುವಂತೆ ನೋಡಿಕೊಳ್ಳಬೇಕು. ಈ ಕೆಲಸವನ್ನು ಒಪ್ಪಿಸುವಾಗ ಭಾರತಕ್ಕೆ ಶವ ಕಳುಹಿಸಿದ ಅನುಭವವಿದೆಯೇ ಎಂದು ಕೇಳಿ, ದರಪಟ್ಟಿಯನ್ನು ಕೈಗೆ ತೆಗೆದುಕೊಂಡ ಮೇಲೆಯೇ ಸಹಿ ಮಾಡುವುದು ಒಳ್ಳೆಯದು.